ಯಾರೂ ನಡೆಯದ ಹೆಜ್ಜೆಯ ಸದ್ದು

ಸಿಂಗಪುರದ ಕಲ್ಲಾಂಗ್‌ನ ಹಳೆಯ ಕಾರ್ಖಾನೆ ಕಟ್ಟಡದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕಿಟಕಿಯಿಲ್ಲದ ಕೋಣೆಯೊಳಗೆ ಕೌಸಲ್ಯಾ ಪರದೆಯ ಮೇಲಿನ ಹೆಂಗಸನ್ನೇ ದಿಟ್ಟಿಸುತ್ತಾ, ಅವಳು ಕಾಲೂರಿದ ಕ್ಷಣಕ್ಕೇ ತಾವೂ ಕಾಲೂರುತ್ತಾರೆ. ಸದ್ದಾದೀತೆಂದು ಬಳೆ ತೆಗೆದಿಟ್ಟಿದ್ದಾರೆ. ಕಾಲಲ್ಲಿ ಹೈಹೀಲ್ಸ್ ಚಪ್ಪಲಿ.

ಚಿತ್ರೀಕರಣದಲ್ಲಿ ಸರಿಯಾಗಿ ಸಿಗದ ಹೆಜ್ಜೆ, ಬಾಗಿಲು, ಬಟ್ಟೆಯ ಸದ್ದುಗಳನ್ನು ಮತ್ತೆ ಹುಟ್ಟಿಸುವುದು ಅವರ ಕೆಲಸ. ಎಂಜಿನಿಯರ್ ಪತಿ ಬದರಿನಾಥ್ ಜೊತೆ ಮೈಸೂರಿನಿಂದ ಬಂದವರು. ಸ್ಟುಡಿಯೊದಲ್ಲಿ ಫೋನ್ ಎತ್ತಲು ಸೇರಿ, ಹೆಜ್ಜೆ ಸದ್ದು ಮಾಡುವವರು ಬಾರದ ದಿನ ಅವರ ಬದಲು ನಡೆದು, ಇಲ್ಲೇ ನಿಂತರು. ಇದು 2007, ಸಿಂಗಪುರದ ತುಂಬ ಹೊಸ ಕಟ್ಟಡಗಳು ಏಳುತ್ತಿವೆ. "ಬೆಳಗಾದ್ರೆ ಅಡಿಪಾಯಕ್ಕೆ ಕಂಬ ಬಡಿಯೋ ಪೈಲಿಂಗ್ ಸ್ಟಾರ್ಟ್ ಆಗುತ್ತೆ, ರೆಕಾರ್ಡ್ ಮಾಡಕ್ಕಾಗಲ್ಲ. ಅದಕ್ಕೇ ಇಷ್ಟು ಬೇಗ ಬರ್ತೀನಿ," ಎನ್ನುತ್ತಾರೆ. ದಿನಕ್ಕೆ ಹತ್ತಾರು ದೃಶ್ಯ. ಮಂಡಿ ಸವೆದಿದೆ. ತೆರೆಯ ಮೇಲೆ ಹೆಸರು ಬಂದದ್ದು ಅಪರೂಪ.

ಈ ಸಲದ್ದು ಕ್ರೈಂ ಥ್ರಿಲ್ಲರ್. ಕಥೆ ಹೇಳುವವನು ಗಂಡ. ಹೆಂಡತಿ ಜಗಳವಾಡಿ ಮನೆಬಿಟ್ಟು ಹೋದಳು, ಕಾರಿಡಾರ್‌ನಲ್ಲಿ ಅವಳ ಹೆಜ್ಜೆ ಸದ್ದನ್ನು ಪಕ್ಕದ ಮನೆಯವರೂ ಕೇಳಿದ್ದಾರೆ ಎನ್ನುತ್ತಾನೆ. ಇಲ್ಲೇ ಹುಟ್ಟಿ ಬೆಳೆದ ನಿರ್ದೇಶಕ ಚಿರಂತ್ ಕೊನೆಯನ್ನು ಬಚ್ಚಿಟ್ಟಿದ್ದಾನೆ. "ಎಂಡಿಂಗ್ ಈಗ ಹೇಳಲ್ಲ ಲಾ, ಆಂಟಿ," ಎನ್ನುತ್ತಾನೆ ಸಿಂಗಪುರದವರ ಧಾಟಿಯಲ್ಲಿ. ಕೌಸಲ್ಯಾ ಅಳು ನುಂಗಿಕೊಂಡ ಹೆಂಗಸಾಗಿ ನಡೆಯುತ್ತಾರೆ. ಗಂಡ ಕರೆದಾನೇನೋ ಎಂಬಂತೆ ಲಿಫ್ಟ್ ಬಳಿ ಚೂರು ತಡೆಯುತ್ತಾರೆ.

ವಾರದ ಬಳಿಕ ಕೊನೆಯ ಭಾಗ ಬರುತ್ತದೆ. ಹೆಂಡತಿ ಮನೆ ಬಿಟ್ಟೇ ಇಲ್ಲ. ಒಳಗೆ ಹೆಣವಾಗಿ ಬಿದ್ದಿದ್ದಾಳೆ. ಕೊಂದವನು ಗಂಡನೇ. ಅವಳ ಚಪ್ಪಲಿಗೆ ಕೈ ತೂರಿಸಿ, ಮಂಡಿಯೂರಿ, ಕಾರಿಡಾರ್ ಉದ್ದಕ್ಕೂ ಟಕ್ ಟಕ್ ಎಂದು ಊರುತ್ತಾ ಹೋಗುತ್ತಿದ್ದಾನೆ.

"ಹಾಗಾದ್ರೆ ನಾನು ನಡೆದಿದ್ದು ಯಾರಿಗೋಸ್ಕರ?" ಎನ್ನುತ್ತಾರೆ ಕೌಸಲ್ಯಾ.

ಚಿರಂತ್‌ಗೆ ಹಳೆಯ ಸದ್ದನ್ನೇ ಇಲ್ಲೂ ಹಾಕುವ ಯೋಚನೆ. ಕೌಸಲ್ಯಾ ಒಪ್ಪುವುದಿಲ್ಲ. "ಅದ್ರಲ್ಲಿ ಜೀವ ಇದೆ ಕಣಪ್ಪ. ಅವಳು ಹೋಗ್ಲೇ ಇಲ್ವಲ್ಲ. ಕೈಯಲ್ಲೇ ಮಾಡ್ತೀನಿ, ಮೊದಲ ಸೀನು, ಕೊನೇ ಸೀನು, ಎರಡೂ ಕಡೆ ಅದನ್ನೇ ಹಾಕು."

"ಆದ್ರೆ ಫಸ್ಟ್ ಟೈಮ್ ಜನ ನಂಬಬೇಕಲ್ಲ, ಆಂಟಿ?"

"ಕೇಳಿ ನೋಡು."

ದೀಪ ಮಂಕಾಗುತ್ತದೆ. ಕೌಸಲ್ಯಾ ನೋವಿನ ಮಂಡಿಯನ್ನೇ ಊರಿ, ಚಪ್ಪಲಿಯೊಳಗೆ ಕೈ ತೂರಿಸುತ್ತಾರೆ. ಟಕ್, ಟಕ್. ಹೆಜ್ಜೆ ಹೆಂಗಸಿನದೇ, ಭಾರ ಮಾತ್ರ ಯಾರದೂ ಅಲ್ಲ. ಹೆಡ್‌ಫೋನ್ ಹಾಕಿಕೊಂಡ ಚಿರಂತ್ ತಟ್ಟನೆ ಬಾಗಿಲ ಕಡೆ ತಿರುಗುತ್ತಾನೆ. ಅಲ್ಲಿ ಯಾರೂ ಇಲ್ಲ. "ಎರಡೂ ಕಡೆ ಇದೇ ಇರ್ಲಿ," ಎನ್ನುವ ಅವನ ದನಿ ಕುಗ್ಗಿದೆ.

ಕೌಸಲ್ಯಾ ಚಪ್ಪಲಿಯಿಂದ ಕೈ ತೆಗೆದು ಮೆಲ್ಲಗೆ ಏಳುತ್ತಾರೆ. ಚಹಾದ ಲೋಟ ಹಿಡಿದು ಕೂತವರನ್ನು ಮುಂದೇನು ಆಸೆ ಎಂದು ಕೇಳಿದರೆ ಸಂಕೋಚದಿಂದ ನಗುತ್ತಾರೆ.

"ಓಡಿಹೋಗೋರು, ಸಾಯೋರು, ಬರೀ ಇಂಥವರಿಗೇ ನಡೆದಿದ್ದಾಯ್ತು. ಒಂದ್ಸಲ, ಸಾಯಂಕಾಲ ಕೆಲಸ ಮುಗಿಸಿ ಮನೆ ಸೇರೋ ಹೆಂಗಸಿಗೆ ನಡೀಬೇಕು. ಅಷ್ಟೇ."