ಬೂದಕ್ಕನನ್ನು ಕಳಿಸಿಕೊಟ್ಟ ಮಾರೆಕ್ಕ

ಮಾರೆಕ್ಕ ಬೆಳಿಗ್ಗೆ ಎದ್ದು ತನ್ನ ಮುಖ ತೊಳೆಯುವ ಮುಂಚೆ ತನ್ನ ಕತ್ತೆಯ ಮುಖ ತೊಳೆಯುತ್ತಿದ್ದಳು.

ಆ ದಿನವೂ ಹಾಗೇ ಆಯಿತು. ನಾನು ಬಾಗಿಲಿಗೆ ನೀರು ಹಾಕಿ, ಚುಕ್ಕಿ ಇಟ್ಟು, ರಂಗೋಲಿಯ ಕೊನೆಯ ಎಳೆ ಎಳೆಯುತ್ತಿದ್ದೆ. ಒಳಗೆ ಒಲೆಯ ಮೇಲೆ ಹಾಲಿತ್ತು. ಎದುರು ಮನೆಯ ಬೇವಿನ ಮರದ ಕೆಳಗೆ ಮಾರೆಕ್ಕ ಚೊಂಬಿನಲ್ಲಿ ಬೆಚ್ಚಗಿನ ನೀರು ಇಟ್ಟುಕೊಂಡು, ಹಳೆಯ ಸೀರೆಯ ತುಂಡು ಅದ್ದಿ ಹಿಂಡಿ, ಮಲಗಿದ್ದ ಕತ್ತೆ ಬೂದಕ್ಕನ ಕಣ್ಣಿನ ಮೂಲೆ, ಮೂಗಿನ ಹೊಳ್ಳೆ, ಕಿವಿಯ ಒಳಮಗ್ಗಲು ಒಂದೊಂದಾಗಿ ಒರೆಸುತ್ತಿದ್ದಳು. ಬೇರೆ ದಿನವಾದರೆ ಬೂದಕ್ಕ ಮೂತಿಯನ್ನು ಆ ಒದ್ದೆ ಬಟ್ಟೆಗೆ ಒತ್ತಿ, ಕಣ್ಣು ಮುಚ್ಚಿ, ಇನ್ನಷ್ಟು ಒರೆಸು ಎನ್ನುವಂತೆ ಇರುತ್ತಿದ್ದಳು. ಆ ದಿನ ಮುಖ ಆಚೆ ತಿರುಗಿಸಿದಳು. ಮಾರೆಕ್ಕ ಈಚೆಯಿಂದ ಹೋದಳು, ಆಚೆಯಿಂದ ಬಂದಳು. ಬೂದಕ್ಕ ಎರಡು ಸಲವೂ ತಿರುಗಿಸಿದಳು.

ಮಾರೆಕ್ಕ ಬಟ್ಟೆಯನ್ನು ಹಿಂಡಿ, ಕೊಂಬೆಗೆ ಹಾಕಿ, ನನ್ನ ಕಡೆ ನೋಡದೆ ಹೇಳಿದಳು:

“ಕಾನ್ವೆಂಟಮ್ಮಾರ, ನಿಮ್ಮ ಫೋನಿನಾಗ ದನದ ಡಾಕ್ಟ್ರ ನಂಬರ ಐತಲ್ಲ. ಇವತ್ತ ಬರ್ರಿ ಅಂತ ಹೇಳಿಬಿಡ್ರಿ.”

ಒಳಗೆ ಹಾಲು ಉಕ್ಕಿದ ವಾಸನೆ ಬಂತು. ನಾನು ಏಳಲಿಲ್ಲ.

ಕಾನ್ವೆಂಟಮ್ಮ ಎಂಬ ಹೆಸರು ನನಗೆ ಮಾರೆಕ್ಕ ಇಟ್ಟದ್ದು. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು ನಾನು. ಮೆಲ್ಲಗೆ ಮಾತಾಡಬೇಕೆಂದು ಸಿಸ್ಟರುಗಳು ಕಲಿಸಿದ್ದು ಇನ್ನೂ ಬಿಟ್ಟಿಲ್ಲ. ಮದುವೆಯಾಗಿ ಗಡಿಯಾಚೆ ಆಂಧ್ರದ ರಾಯದುರ್ಗಕ್ಕೆ ಬಂದ ಹೊಸದರಲ್ಲಿ, ನಮ್ಮ ಯಜಮಾನರು ದಾರ, ಗುಂಡಿ, ಜಿಪ್ಪುಗಳ ಅಂಗಡಿಗೆ ಹೋದ ಮೇಲೆ, ನಾನು ಕಿಟಕಿಯಲ್ಲಿ ನಿಂತು ಇವಳನ್ನು ಏನೋ ಕೇಳಿದೆ. ಮೂರು ಸಲ ಕೇಳಿದರೂ ಅವಳಿಗೆ ಕೇಳಿಸಲಿಲ್ಲ. “ಜೋರಾಗಿ ಮಾತಾಡ್ರಿ, ಮಾತಿಗೇನು ಕರೆಂಟ್ ಬಿಲ್ ಬರಂಗಿಲ್ಲ” ಎಂದಳು. ಅದೇ ನಮ್ಮ ಪರಿಚಯ.

ನಮ್ಮ ಬೀದಿಯಲ್ಲಿ ಮನೆಗೊಂದು ಹೊಲಿಗೆ ಮಿಷನ್ನು. ಎಲ್ಲರೂ ಜೀನ್ಸ್ ಹೊಲಿಯುವವರೇ. ಹೊಲಿದ ಪ್ಯಾಂಟುಗಳ ಗಂಟನ್ನು ಬೂದಕ್ಕನ ಬೆನ್ನಿಗೆ ಹೇರಿಕೊಂಡು ಗುಡ್ಡದ ಬುಡದ ತೊಳೆಯುವ ಕಟ್ಟೆಗೆ ಹೋಗಿ, ಸಂಜೆಗೆ ತೊಳೆದು ತರುವುದು ಮಾರೆಕ್ಕನ ಕಸುಬಾಗಿತ್ತು. ಬೂದಿ ಬಣ್ಣದ ಕತ್ತೆ. ಒದ್ದೆ ಜೀನ್ಸಿನ ಬಣ್ಣ ಇಳಿದಿಳಿದು ಅವಳ ಎರಡೂ ಪಕ್ಕೆ ನೀಲಿಯಾಗಿದ್ದವು. ಮಾರೆಕ್ಕನ ಉಗುರುಗಳೂ ಅದೇ ನೀಲಿ. ಇಬ್ಬರೂ ಒಂದೇ ಬಣ್ಣದ ಬಾನಿಯಲ್ಲಿ ಅದ್ದಿ ತೆಗೆದವರ ಹಾಗಿದ್ದರು.

ಏನು ಕೇಳಿದರೂ ಮಾರೆಕ್ಕನದು ಒಂದೇ ಉತ್ತರ. “ಬೂದಕ್ಕನ್ನ ಕೇಳಿ ಹೇಳ್ತೀನಿ.” ನಾಳೆ ಗಂಟು ಒಯ್ಯುತ್ತೀಯಾ ಎಂದರೆ ಬೂದಕ್ಕನನ್ನು ಕೇಳಿ ಹೇಳುತ್ತಿದ್ದಳು. ಮದುವೆಗೆ ಬರುತ್ತೀಯಾ ಎಂದರೂ ಅಷ್ಟೆ. ನಿಜವಾಗಿಯೂ ಹೋಗಿ ಕಿವಿಯ ಹತ್ತಿರ ಕೂತು ಕೇಳುತ್ತಿದ್ದಳು, ತಿರುಗಿ ಬಂದು ಹೇಳುತ್ತಿದ್ದಳು. ಆಮೇಲೆ ವಾಷಿಂಗ್ ಮಿಷನ್ನಿನ ದೊಡ್ಡ ಯೂನಿಟ್ಟುಗಳು ಬಂದು ಕಟ್ಟೆಗೆ ಹೋಗುವ ಕೆಲಸ ನಿಂತಿತು. ಅವಳ ಮಗ ಸೊಸೆ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಹಾಕಿಕೊಂಡರು. ಕೆಲಸವಿಲ್ಲದ ಕತ್ತೆಯನ್ನು ಯಾಕೆ ಸಾಕುತ್ತೀ ಎಂದು ನಮ್ಮ ಬೀದಿಯ ಹೊಲಿಗೆ ಯೂನಿಟ್ಟಿನ ಶೇಖರಪ್ಪ ಒಮ್ಮೆ ಕೇಳಿದ.

“ನಿಮ್ಮ ಮನ್ಯಾಗ ಕೆಲಸ ಇಲ್ಲದವ್ರು ಯಾರೂ ಇಲ್ಲೇನು, ಶೇಖರಪ್ಪ? ಎಲ್ಲಾರ್ನೂ ಹೊರಗ ಹಾಕೀಯೇನು?” ಎಂದಳು ಮಾರೆಕ್ಕ. ಒಳಗಿಂದ ಶೇಖರಪ್ಪನ ಹೆಂಡತಿ ನಕ್ಕಿದ್ದು ಬೀದಿಗೆಲ್ಲ ಕೇಳಿಸಿತು.

ಆದರೆ ಬೂದಕ್ಕನಿಗೆ ಆ ಹೊತ್ತಿಗೆ ಬೇರೆ ಉದ್ಯೋಗ ಸಿಕ್ಕಿತ್ತು. ಹೊರಡುವಾಗ ಕತ್ತೆ ಕೂಗಿದರೆ ಒಳ್ಳೆಯ ಶಕುನ ಎಂಬ ನಂಬಿಕೆ ಈ ಕಡೆ ಮೊದಲಿನಿಂದಲೂ ಇದೆ. ಬೆಂಗಳೂರಿನ ಗಾರ್ಮೆಂಟ್ಸಿಗೆ ನಮ್ಮ ಹುಡುಗಿಯರು ಹೋಗಲು ಶುರುಮಾಡಿದ ಕಾಲ ಅದು. ಒಂದು ಮನೆಯಲ್ಲಿ ಮಿಷನ್ನು ಓಡುತ್ತಿದ್ದರೆ ಪಕ್ಕದ ಮನೆಯಲ್ಲಿ ಚೀಲ ಕಟ್ಟುತ್ತಿದ್ದರು. ಬೀದಿಯ ತುದಿಮನೆಯ ಪಾರ್ವತಕ್ಕನ ದೊಡ್ಡ ಮಗಳು ಮೊದಲ ಸಲ ಹೊರಟಾಗ ಮನೆಯವರೆಲ್ಲ ಅಳುತ್ತಿದ್ದರು. ಹುಡುಗಿ ಹೊಸ್ತಿಲು ದಾಟಿದಳೋ ಇಲ್ಲವೋ, ಬೂದಕ್ಕ ಗಂಟಲು ಹರಿಯುವಂತೆ ಕೂಗಿದಳು. ಅಳುತ್ತಿದ್ದವರು ನಕ್ಕುಬಿಟ್ಟರು. ಹುಡುಗಿಗೆ ಹೋದ ದಿನವೇ ಕೆಲಸ ಸಿಕ್ಕಿತು. ದೀಪಾವಳಿಗೆ ಬಂದವಳು ತಾಯಿಗೆ ಸೀರೆ ತಂದಳು, ಬೂದಕ್ಕನಿಗೆ ಕೊರಳಗೆಜ್ಜೆ ತಂದಳು.

ಅಲ್ಲಿಂದ ಮುಂದೆ ನಮ್ಮ ಬೀದಿಯಿಂದ ಯಾರೂ ಸುಮ್ಮನೆ ಹೊರಡಲಿಲ್ಲ. ಚೀಲ ತೊಡೆಯ ಮೇಲಿಟ್ಟುಕೊಂಡು ಬೇವಿನ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು. ಬಾಳೆಹಣ್ಣು ತಿನ್ನಿಸುತ್ತಿದ್ದರು, ಕಿವಿ ಕೆರೆಯುತ್ತಿದ್ದರು, ಮರ್ಯಾದೆಯಾಗಿ ಕೇಳಿಕೊಳ್ಳುತ್ತಿದ್ದರು. ಶೇಖರಪ್ಪನಂತೂ ಬಳ್ಳಾರಿಗೆ ಮಾಲು ಹೇರಿದ ಆಟೋವನ್ನು ಚಾಲೂ ಇಟ್ಟುಕೊಂಡೇ ಎದುರಿಗೆ ನಿಂತು, “ಒಂದ ಸಲ ಕೂಗವ್ವ ತಾಯಿ, ಡೀಸೆಲ್ ಸುಡಾಕತ್ತೈತಿ” ಎಂದು ಕೈಮುಗಿದದ್ದನ್ನು ನಾನೇ ನೋಡಿದ್ದೇನೆ. ಮಾರೆಕ್ಕ ಮಾತ್ರ ಅವಳನ್ನು ಕೂಗಿಸಲು ಕಡ್ಡಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. “ಅವಳ ಬಾಯಿ ಅವಳದು” ಎನ್ನುತ್ತಿದ್ದಳು.

ನನಗೆ ಇದೆಲ್ಲ ನಗೆಯ ವಿಷಯವಾಗಿತ್ತು. ಆದರೆ ನನ್ನ ಮಗಳು ಹತ್ತನೆಯ ತರಗತಿಯ ಪರೀಕ್ಷೆಗೆ ಹೊರಟ ಬೆಳಿಗ್ಗೆ, ಜಡೆ ಹಾಕಿ ಮುಗಿದಿದ್ದರೂ ಬಿಚ್ಚಿ ಮತ್ತೆ ಹಾಕಿದೆ. ರಿಬ್ಬನ್ನು ಸರಿಯಿಲ್ಲವೆಂದು ಬದಲಾಯಿಸಿದೆ. ಕಿಟಕಿಯಾಚೆಯಿಂದ ಮಾರೆಕ್ಕ ಕೇಳಿದಳು: “ಕಾನ್ವೆಂಟಮ್ಮಾರ, ನೀವೂ ಲೈನಿಗೆ ನಿಂತ್ರೇನು?”

ಆ ವರ್ಷ ಬೂದಕ್ಕ ಮೇವು ಬಿಡಲು ಶುರುಮಾಡಿದಳು. ಹಲ್ಲು ಸವೆದಿದ್ದವು, ಅದಕ್ಕೇ ಇರಬೇಕೆಂದು ಮಾರೆಕ್ಕ ರಾಗಿ ಅಂಬಲಿ ಕಾಸಿ ಅಂಗೈಯಲ್ಲಿ ಕುಡಿಸಿದಳು. ಆಮೇಲೆ ಹೊಟ್ಟೆಯ ಒಂದು ಕಡೆ ಗಟ್ಟಿಯಾಗಿ ಉಬ್ಬಿತು. ಪಶು ಆಸ್ಪತ್ರೆಯ ಡಾಕ್ಟರು ಬಂದು, ಮೊಣಕಾಲೂರಿ ಕೂತು, ಬಹಳ ಹೊತ್ತು ಮುಟ್ಟಿ ನೋಡಿದರು. ಒಳಗೆ ಗಡ್ಡೆ, ವಾಸಿಯಾಗುವುದಿಲ್ಲ, ನೋವಿಗೆ ಮಾತ್ರೆ ಕೊಡಬಹುದು, ಅದೂ ಒಂದು ದಿನ ಸಾಲದಾಗುತ್ತದೆ ಎಂದರು. ಆಗ ಹೇಳಿದರೆ ಇಂಜೆಕ್ಷನ್ ಇದೆ, ನಿದ್ದೆ ಬಂದ ಹಾಗೆ ಹೋಗುತ್ತಾಳೆ. ಯಾವ ದಿನ ಎಂದು ಮಾತ್ರ ನೀವೇ ಹೇಳಬೇಕು ಎಂದರು.

“ಬೂದಕ್ಕನ್ನ ಕೇಳಿ ಹೇಳ್ತೀನ್ರಿ” ಎಂದಳು ಮಾರೆಕ್ಕ. ಡಾಕ್ಟರು ನಗಲಿಲ್ಲ. ಅದು ನನಗೆ ಹಿಡಿಸಿತು.

ಬೀದಿ ಮಾತ್ರ ಆ ದಿನವನ್ನು ತಾನೇ ನಿರ್ಧರಿಸಲು ಹೊರಟಿತು. ಬೂದಕ್ಕ ಕೂಗುವುದನ್ನು ನಿಲ್ಲಿಸಿ ವಾರಗಳಾಗಿದ್ದವು. ಪಾರ್ವತಕ್ಕನ ಚಿಕ್ಕ ಮಗಳಿಗೂ ಅಕ್ಕ ಬೆಂಗಳೂರಿನಲ್ಲಿ ಕೆಲಸ ಹೇಳಿಟ್ಟಿದ್ದಳು. ಹುಡುಗಿಯ ಚೀಲ ಬಾಗಿಲ ಪಕ್ಕದಲ್ಲಿ ಧೂಳು ಹಿಡಿಯುತ್ತಿತ್ತು. “ಒಂದ ಕೂಗು ಕೂಗಲಿ ಮಾರೆಕ್ಕ, ನನ್ನ ಮಗಳು ಹೋಗಲಿ, ಆಮ್ಯಾಲ ನಿನ್ನ ಇಷ್ಟ” ಎಂದು ಪಾರ್ವತಕ್ಕ ದಿನವೂ ಬಂದು ಕೂರುತ್ತಿದ್ದಳು. ಶೇಖರಪ್ಪ ಅನಂತಪುರದಿಂದ ಬೇರೆ ಡಾಕ್ಟರನ್ನು ಕರೆಸುತ್ತೇನೆ ಎಂದ. ಇಂಜೆಕ್ಷನ್ ಕೊಡಿಸಿದರೆ ಬೀದಿಗೇ ಪಾಪ ಎಂದರು ಕೆಲವರು. ಮಲಗಿದಲ್ಲೇ ಹುಣ್ಣಾಗದಿರಲೆಂದು ಮಾರೆಕ್ಕ ಮಗ್ಗಲು ಬದಲಿಸುವಾಗ ಕೈಹಾಕಲು ಬಂದವರು ಮಾತ್ರ ಅವಳ ಮಗ ಸೊಸೆ ಇಬ್ಬರೇ.

ಒಂದು ಸಂಜೆ ಅವಳಿಗೆ ಸಾಕಾಯಿತು. ಕಟ್ಟೆಯ ಮೇಲೆ ಕೂತವರ ಎದುರು ಸೊಂಟಕ್ಕೆ ಕೈಕೊಟ್ಟು ನಿಂತಳು.

“ನಿಮ್ಮ ಪ್ಯಾಂಟು ಹೊತ್ತಳು. ನಿಮ್ಮ ಹೊದಿಕಿ, ಕೌದಿ ಹೊತ್ತಳು. ಈಗ ನಿಮ್ಮ ಅದೃಷ್ಟಾನೂ ಅವಳ ಹೊರಬೇಕೇನ್ರಿ?”

ಆದರೂ ಮರುದಿನ ಪಾರ್ವತಕ್ಕ ಬಂದು ಕೂತಳು.

ಆ ಬೆಳಿಗ್ಗೆ ಬೂದಕ್ಕ ಮುಖ ತಿರುಗಿಸಿದ್ದು ಇಷ್ಟೆಲ್ಲ ಆದ ಮೇಲೆ. ನಾನು ಫೋನು ಕೈಯಲ್ಲಿ ಹಿಡಿದು, “ಇನ್ನೊಂದು ವಾರ ನೋಡಬಾರದೇ, ಮಾರೆಕ್ಕ?” ಎಂದೆ.

“ಯಾರ ಸಲುವಾಗಿ?” ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕೇಳಿದಳು ಅಷ್ಟೆ. ಬೂದಕ್ಕನ ಸಲುವಾಗಿ ಎನ್ನಲು ಬಾಯಿ ಬರಲಿಲ್ಲ. ಫೋನು ಮಾಡಿದೆ.

ಡಾಕ್ಟರು ಮಧ್ಯಾಹ್ನದ ಊಟಕ್ಕೆ ಮುಂಚೆ ಬಂದರು. ಬೀದಿಯ ತಿರುವಿನಲ್ಲಿ ಅವರ ಬೈಕು ಕಂಡದ್ದೇ ಮಿಷನ್ನುಗಳು ಒಂದೊಂದಾಗಿ ನಿಂತವು. ನಮ್ಮ ಬೀದಿ ಹಗಲು ಹೊತ್ತು ಅಷ್ಟು ನಿಶ್ಶಬ್ದವಾಗಿದ್ದುದನ್ನು ನಾನು ಕಂಡಿರಲಿಲ್ಲ. ಡಾಕ್ಟರು ಬ್ಯಾಗು ಕೆಳಗಿಟ್ಟರು. ಮಾರೆಕ್ಕ ಬೂದಕ್ಕನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು, ಬಾಗಿ ಕಿವಿಯಲ್ಲಿ ಏನೋ ಹೇಳಿದಳು.

ಆಗ ಬೂದಕ್ಕ ಕತ್ತೆತ್ತಿದಳು. ಮುಂಗಾಲು ಊರಿ ಅರ್ಧ ಎದ್ದಳು. ಹೊಟ್ಟೆಯೆಲ್ಲ ಒಳಸೇದಿ, ತುಟಿ ಮೇಲೆತ್ತಿ, ಸವೆದ ಹಲ್ಲು ತೋರಿಸಿ ಕೂಗಿದಳು. ಮೊದಲಿಗೆ ಹಳೆಯ ಬಾಗಿಲು ಎಳೆದಂಥ ಸದ್ದು. ಆಮೇಲೆ ತನ್ನ ಪ್ರಾಯದ ಕಾಲದ ಪೂರ್ತಿ ಗಂಟಲು. ಬೇವಿನ ಮರದ ಕಾಗೆಗಳು ಎದ್ದು ಹೋದವು. ಕೂಗಿ ಮುಗಿಸಿ ಮತ್ತೆ ಮಾರೆಕ್ಕನ ತೊಡೆಗೆ ತಲೆ ಇಟ್ಟಳು.

ಬೀದಿಗೆ ಹುಚ್ಚು ಹಿಡಿದ ಹಾಗಾಯಿತು. “ನೋಡ್ರಿ, ಎದ್ದಾಳ” ಎಂದರು ಒಬ್ಬರು. ಶೇಖರಪ್ಪ ಡಾಕ್ಟರ ಬ್ಯಾಗನ್ನು ಅವರ ಕೈಗೇ ಎತ್ತಿಕೊಟ್ಟ. ಪಾರ್ವತಕ್ಕ ಮನೆಯ ಕಡೆ ತಿರುಗಿ, “ಏಯ್, ಚೀಲ ತಗೋ, ಮುಖ ತೊಳ್ಕೊ, ಮೂರರ ಬಸ್ಸು ಸಿಗತೈತಿ” ಎಂದು ಮಗಳನ್ನು ಕೂಗಿದಳು. ಡಾಕ್ಟರಿಗೂ ಅನುಮಾನ ಬಂತು. “ಏಮಮ್ಮಾ, ನೇನು ವೆಳ್ಳಿಪೋನಾ?” ಎಂದು ತಮ್ಮ ತೆಲುಗಿನಲ್ಲಿ, ಹೋಗಿಬಿಡಲೇ ಎಂದು ಕೇಳಿದರು.

ಮಾರೆಕ್ಕ ತಲೆ ಎತ್ತಿದಳು. ನಾನು ಕಣ್ಣೀರು ಇರುತ್ತದೆ ಎಂದುಕೊಂಡಿದ್ದೆ. ಅವಳು ನಗುತ್ತಿದ್ದಳು, ಮಗಳು ಬಹುಮಾನ ತಂದಾಗ ತಾಯಿ ನಗುವ ಹಾಗೆ.

“ಪಾರ್ವತಿ, ಚೀಲ ಇರಲಿ ಬಿಡು. ಇದು ನಿನ್ನ ಮಗಳಿಗಲ್ಲ. ಶೇಖರಪ್ಪ, ನಿನ್ನ ಮಾಲಿಗೂ ಅಲ್ಲ. ಇಷ್ಟು ವರ್ಷ ನಿಮಗ ಕೂಗಿದಳು. ಇವತ್ತ ತಾನು ಹೊಂಟಾಳ, ತನಗ ತಾನ ಕೂಗಿಕೊಂಡಳು. ಹಿಂಗ ಶಕುನ ಆದ ಮ್ಯಾಲ ನಿಮ್ಮನ್ನ ಯಾರಾದ್ರೂ ತಡದಾರೇನು?” ಆಮೇಲೆ ಡಾಕ್ಟರ ಕಡೆ ತಿರುಗಿ, “ಬರ್ರಿ ಸಾರ್. ಕೇಳೀನಿ. ಹೇಳ್ಯಾಳ” ಎಂದಳು.

ಬೀದಿಯ ನಂಬಿಕೆಯನ್ನೇ ಅವಳು ಬೀದಿಯ ಮುಂದೆ ಇಟ್ಟಿದ್ದಳು.

ಮೊದಲು ಅಲುಗಾಡಿದವಳು ಪಾರ್ವತಕ್ಕನೇ. ಮನೆಗೆ ಹೋಗಿ, ಮಗಳಿಗೆಂದು ಕಲಸಿಟ್ಟಿದ್ದ ಮೊಸರನ್ನ ತಂದು ಬೂದಕ್ಕನ ತುಟಿಗೆ ಒಂದು ಅಗುಳು ಸೋಕಿಸಿದಳು. ದೂರ ಹೋಗುವವರಿಗೆ ನಮ್ಮಲ್ಲಿ ಹಾಗೆ ಮಾಡುತ್ತೇವೆ. ಇನ್ನೊಬ್ಬರು ಹಣೆಗೆ ಕುಂಕುಮ ಇಟ್ಟರು. ನಾನು ಬೆಲ್ಲದ ಚೂರು ತಂದೆ. ಬೂದಕ್ಕ ತಿನ್ನಲಿಲ್ಲ, ಮೂಸಿ ನೋಡಿದಳು. ಮಾರೆಕ್ಕ ಕೊಂಬೆಯ ಮೇಲಿದ್ದ ಒದ್ದೆ ಬಟ್ಟೆ ತೆಗೆದು ಮತ್ತೆ ಮುಖ ಒರೆಸಿದಳು. ಈ ಸಲ ಬೂದಕ್ಕ ತಿರುಗಿಸಲಿಲ್ಲ. ಡಾಕ್ಟರು ಮೆಲ್ಲಗೆ ಕತ್ತು ಸವರುತ್ತ ಸೂಜಿ ಹಾಕಿದರು. ಮಾರೆಕ್ಕ ಒರೆಸುತ್ತಲೇ ಇದ್ದಳು, ಅವರು ಅವಳ ಭುಜ ಮುಟ್ಟುವವರೆಗೂ.

ಶೇಖರಪ್ಪ ಯೂನಿಟ್ಟಿನಿಂದ ಹೊಸ ಜೀನ್ಸ್ ಬಟ್ಟೆಯ ಉದ್ದನೆಯ ತುಂಡು ಕತ್ತರಿಸಿ ತಂದ. ಕತ್ತರಿಯ ಸದ್ದು ನಮಗೆಲ್ಲ ಕೇಳಿಸಿತು. ಅದನ್ನು ಹೊದಿಸಿ, ಬೀದಿಯ ಗಂಡಸರೆಲ್ಲ ಸೇರಿ ಅವಳನ್ನು ಅವನ ಆಟೋಗೆ ಏರಿಸಿದರು. “ಜಲ್ದಿ ನಡೀರಿ, ಶಕುನ ಆಗೈತಿ” ಎಂದ ಶೇಖರಪ್ಪ, ಅಭ್ಯಾಸಬಲದಿಂದ. ಯಾರೂ ನಗಲಿಲ್ಲ, ಆಮೇಲೆ ಎಲ್ಲರೂ ನಕ್ಕರು, ಮಾರೆಕ್ಕನೂ. ತೊಳೆಯುವ ಕಟ್ಟೆಯ ಪಕ್ಕ ಗುಂಡಿ ತೆಗೆದಿದ್ದರು. ಹೊಲಿಗೆಯ ಹುಡುಗಿಯರು ಮೈಮೇಲೆ ದಾರದ ಎಳೆಗಳನ್ನು ಹೊತ್ತುಕೊಂಡೇ ಆಟೋದ ಹಿಂದೆ ನಡೆದರು. ಎಲ್ಲರ ಮುಂದೆ, ಮೊದಲು ಗಂಟು ಒಯ್ಯುವಾಗ ನಡೆಯುತ್ತಿದ್ದ ಹಾಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾರೆಕ್ಕ.

ಮಾರೆಕ್ಕ ಈಗ ಇಲ್ಲ. ಬೂದಕ್ಕ ಹೋದ ಮೇಲೂ ಕೆಲವು ವರ್ಷ ಇದ್ದಳು. ಏನಾದರೂ ಕೇಳಿದರೆ ತಟ್ಟನೆ ಹೂಂ ಅಥವಾ ಉಹೂಂ ಎನ್ನುತ್ತಿದ್ದಳು. ಅದು ನಮಗೆ ರೂಢಿಯಾಗಲು ಬಹಳ ದಿನ ಬೇಕಾಯಿತು. ಬೇವಿನ ಮರದ ಕೆಳಗೆ ಈಗ ಅವಳ ಮೊಮ್ಮಗನ ಬೈಕು ನಿಲ್ಲುತ್ತದೆ. ನಾನು ಅವಳನ್ನು ನೆನೆಸಿಕೊಂಡಾಗ ಮೊದಲು ಬರುವುದು ಬೂದಕ್ಕನನ್ನು ಹೂತ ದಿನದ ಸಂಜೆ.

ಗುಡ್ಡದ ಬುಡದಿಂದ ಬಂದು, ಸ್ನಾನ ಮಾಡಿ, ಮಾರೆಕ್ಕ ಬೇವಿನ ಕಟ್ಟೆಯ ಮೇಲೆ ಒದ್ದೆ ಕೂದಲು ಹರಡಿಕೊಂಡು ಕೂತಿದ್ದಳು. ನಾನು ಕಾಫಿ ಕೊಟ್ಟು ಪಕ್ಕದಲ್ಲಿ ಕೂತೆ. ಮಿಷನ್ನುಗಳು ಮತ್ತೆ ಶುರುವಾಗಿದ್ದವು. ಪಾರ್ವತಕ್ಕ ಮಗಳ ಚೀಲವನ್ನು ಹೊರಗೆ ತಂದು, ಧೂಳು ಕೊಡವುತ್ತ, ಯಾರಿಗೆಂದಲ್ಲದೆ ಹೇಳಿದಳು:

“ನಾಳೆ ಬಸ್ಸಿನ ಟೈಮ್ ನೋಡ್ಕೊಂಡ ಹೋಗಲಿ ಬಿಡ್ರಿ. ಆ ಮಹಾರಾಯ್ತಿ ಕೂಗಲಿ ಅಂತ ಕಾದು ಕಾದು ಎಷ್ಟು ಬಸ್ಸು ತಪ್ಪಿಸ್ಕೊಂಡೀವಿ ನಾವು.”