ಬಿಸಿ ತಿಳಿಯದ ಕೈ

ಅವರ ಬಲಗೈ ಬೆರಳುಗಳ ತುದಿ ಕಾವು ತಾಗಿ ತಾಗಿ ದಪ್ಪಗಟ್ಟಿ ಹಳದಿಯಾಗಿತ್ತು. ರಾಣೇಬೆನ್ನೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಕಂಪ್ಯೂಟರ್ ರಿಪೇರಿ ಅಂಗಡಿ. ಮೊದಲು ಟೈಪಿಂಗ್ ಕಲಿಸುತ್ತಿದ್ದುದರಿಂದ ಊರಿಗೆಲ್ಲ ಅವರು ಮಾಸ್ತರು. ಡಿಪ್ಲೊಮಾ ಮುಗಿಸಿ ಹಲಗೇರಿಯಿಂದ ಕೆಲಸ ಕೇಳಿಕೊಂಡು ಬಂದ ನನ್ನನ್ನು ಉಳಿದ ಅಂಗಡಿಯವರು, ಹುಡುಗಿ ಎಂದು, ಬಿಲ್ ಬರೆಯಲು ಕೂರು ಎಂದಿದ್ದರು. ಕೈಗೆ ಸ್ಕ್ರೂಡ್ರೈವರ್ ಕೊಟ್ಟವರು ಇವರೊಬ್ಬರೇ.

"ಮೀಟರ್ ಆಮ್ಯಾಲ ಹಚ್ಚವಾ. ಮೊದಲ ಮುಟ್ಟಿ ನೋಡು," ಎನ್ನುತ್ತಿದ್ದರು. ಸಕ್ಕರೆ ಕಾಯಿಲೆಯಿತ್ತು. ಗುಳಿಗೆ ನುಂಗಿ ಅದರ ಮೇಲೆಯೇ ಸಿಹಿ ಚಹಾ ಕುಡಿಯುವವರು.

ಕಳೆದ ವರ್ಷ ಬ್ಯಾಡಗಿಯ ಫೋಟೋ ಸ್ಟುಡಿಯೋದವನೊಬ್ಬ ತನ್ನ ದೊಡ್ಡ ಕಂಪ್ಯೂಟರ್ ತಂದ. ಮದುವೆ ವಿಡಿಯೋ ಎಡಿಟಿಂಗಿಗೆ ಕೂತರೆ ಹತ್ತು ನಿಮಿಷದಲ್ಲಿ ಪ್ರೊಸೆಸರ್ ವಿಪರೀತ ಕಾದು ತಾನೇ ಆಫ್ ಆಗುತ್ತಿತ್ತು. ಅದಕ್ಕೆ ನೀರಿನ ಕೂಲರ್ ಇತ್ತು. ಸಣ್ಣ ಪಂಪು ಕಾದ ನೀರನ್ನು ಒಂದು ಪೈಪಿನಲ್ಲಿ ರೇಡಿಯೇಟರಿಗೆ ಕಳಿಸಿ, ಆರಿದ್ದನ್ನು ಇನ್ನೊಂದರಲ್ಲಿ ತರಿಸಿಕೊಳ್ಳುತ್ತದೆ. ಪಂಪು ಸರಿ ಇದ್ದರೆ ಎರಡೂ ಪೈಪು ಹೆಚ್ಚುಕಡಿಮೆ ಒಂದೇ ಹದಕ್ಕಿರುತ್ತವೆ. ನಿಂತರೆ ಒಂದು ಸುಡುತ್ತದೆ, ಒಂದು ತಣ್ಣಗಿರುತ್ತದೆ.

ಮಾಸ್ತರು ಎರಡನ್ನೂ ಹಿಡಿದರು. "ಒಂದ ಹದ ಅದಾವು. ಪಂಪ್ ಚಲೋ ಐತಿ." ಪ್ರೊಸೆಸರಿನ ಮೇಲೆ ಕಾವು ದಾಟಿಸಲು ಹಚ್ಚಿದ್ದ ಪೇಸ್ಟ್ ಬದಲಿಸಿದರು, ರೇಡಿಯೇಟರಿನ ಧೂಳು ಊದಿದರು. ಆದರೂ ಆಫ್. ಕೊನೆಗೆ ಸ್ಟುಡಿಯೋದವನಿಗೆ ಫೋನ್ ಮಾಡಿ, ಪ್ರೊಸೆಸರ್ ಹೋಗೇತಿ ಎಂದುಬಿಟ್ಟರು.

ಮುಚ್ಚಳ ಹಾಕಲು ಹೋದಾಗ ನನ್ನ ಕೈ ಪೈಪಿಗೆ ತಾಗಿ ಚುರ್ ಎಂದಿತು. ಇನ್ನೊಂದನ್ನು ಮುಟ್ಟಿದೆ, ತಣ್ಣಗಿತ್ತು.

"ಸರ್ರ, ಇದು ಸುಡಾಕತ್ತೇತಿ."

ಅವರು ಅದನ್ನು ಹಿಡಿದರು. ಹಿಡಿದೇ ಇದ್ದರು. ಆಮೇಲೆ ಎಡಗೈಯಲ್ಲಿ ಹಿಡಿದರು. ಮುಖ ಇಳಿಯಿತು.

"ನನಗ ಏನೂ ಗೊತ್ತಾಗವಲ್ದು," ಎಂದರು.

ಕೂಡಲೇ ಬ್ಯಾಡಗಿಗೆ ಫೋನ್ ಹಚ್ಚಿದರು. "ತಪ್ಪ ಹೇಳಿದ್ನೆಪ್ಪಾ. ಪ್ರೊಸೆಸರ್ ಚಲೋ ಐತಿ, ಪಂಪ್ ನಿಂತೈತಿ. ನನ್ನ ಕೈಗೆ ತಿಳೀಲಿಲ್ಲ."

ಹೊಸ ಕೂಲರ್ ಹಾಕಿದ ಮೇಲೆ ಮಷೀನು ದಿನವಿಡೀ ನಡೆಯಿತು. ಮಾಸ್ತರು ಊಟ ಮಾಡಲಿಲ್ಲ. ಈಚೆಗೆ ಯಾವ್ಯಾವ ಮಷೀನು ಮುಟ್ಟಿ ನೋಡಿ ಕೈಬಿಟ್ಟೆ ಎಂದು ನೆನೆಯುತ್ತ ಕೂತರು. ಹಾವೇರಿಯ ಒಬ್ಬ ಹೆಣ್ಣುಮಗಳು ನೆನಪಾದಳು. ಮನೆಯಲ್ಲೇ ಲಗ್ನಪತ್ರಿಕೆ ಡಿಸೈನ್ ಮಾಡಿ ಬದುಕುತ್ತಿದ್ದವಳು. ಅವಳು ಕೊಂಡಿದ್ದ ಹಳೆಯ ಮಷೀನಿಗೂ ಇಂಥದೇ ಕೂಲರ್ ಇತ್ತು. ಅವಳಿಗೂ ಪ್ರೊಸೆಸರ್ ಹೋಗೇತಿ ಎಂದೇ ಹೇಳಿ ಕಳಿಸಿದ್ದರು.

ಮರುದಿನ ನನ್ನನ್ನು ಕರೆದುಕೊಂಡು ಹಾವೇರಿ ಬಸ್ಸು ಹತ್ತಿದರು. ಆಕೆ ಮಷೀನನ್ನು ಗುಜರಿಗೆ ಹಾಕಿ, ಅರಿವೆ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸಕ್ಕೆ ಸೇರಿದ್ದಳು. ಬಾಗಿಲಲ್ಲೇ ನಿಂತು ಮಾಸ್ತರ ಮಾತನ್ನೆಲ್ಲ ಕೇಳಿದಳು.

"ಬ್ಯಾರೆ ಕಡೆ ತೋರಸು ಅಂದ್ರು ಎಲ್ಲಾರೂ. ಮಾಸ್ತರ ಹೇಳ್ಯಾರಂದ್ರ ಮುಗೀತು ಅಂದೆ ನಾ."

ಬೈಯಲಿಲ್ಲ. ಒಳಗೂ ಕರೆಯಲಿಲ್ಲ.

ನಡೆದೇ ಬಸ್ ಸ್ಟ್ಯಾಂಡಿಗೆ ಬಂದೆವು. ಬೆಂಚಿನ ಮೇಲೆ ಕೂತಾಗ ಅವರ ಎಡಗಾಲಿನ ಚಪ್ಪಲಿ ರಕ್ತದಲ್ಲಿ ಅಂಟಿಕೊಂಡದ್ದು ಕಂಡೆ. ಅಟ್ಟೆ ತೂರಿ ಮೊಳೆ ಹೊಕ್ಕಿತ್ತು. ಅದೂ ಅವರಿಗೆ ತಿಳಿದಿರಲಿಲ್ಲ; ಸಕ್ಕರೆ ಕಾಯಿಲೆ ಕೈಯಂತೆ ಕಾಲನ್ನೂ ಜಡ ಮಾಡಿತ್ತು.

"ದವಾಖಾನಿಗೆ ಹೋಗೂಣ್ರಿ ಸರ್ರ," ಎಂದೆ.

"ಮೊದಲ ಆ ಹೆಣ್ಮಗಳಿಗೊಂದು ಮಷೀನ್ ಜೋಡಸೂಣು."

ಆ ಕಾಲಿಗೆ ಅರಿವೆ ಸುತ್ತಿಕೊಂಡು ನಾಲ್ಕು ದಿನ ಓಡಾಡಿ ಬಿಡಿಭಾಗ ತಂದು ಮಷೀನು ಜೋಡಿಸಿದರು. ನಾನು ಹಟ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಮಾಸ್ತರಿಗೆ ಎದುರಾಡಿ ನನಗೆ ರೂಢಿಯಿರಲಿಲ್ಲ.

ಐದನೇ ದಿನ ಜ್ವರ ಬಂತು. ಪಾದ ಕಪ್ಪಾಗಿತ್ತು. ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ಕತ್ತರಿಸಿ ತೆಗೆದರು, ಅಷ್ಟರಲ್ಲಿ ನಂಜು ಮೇಲೇರಿತ್ತು. ಕೊನೆಯ ಸಲ ನನ್ನನ್ನು ಕಂಡಾಗ ಕೇಳಿದ್ದು ಒಂದೇ ಮಾತು.

"ಕೊಟ್ಟ ಬಂದ್ಯಾ?"

"ಇನ್ನಾ ಇಲ್ರಿ."

"ಲಗೂ ಕೊಡು."

ಅವರು ತೀರಿಕೊಂಡ ಮೂರನೇ ದಿನ ಮಷೀನು ಹೊತ್ತು ಹಾವೇರಿಗೆ ಹೋದೆ. ಆಕೆ ಒಳಗೆ ಕರೆದಳು. ವೈರು ಜೋಡಿಸಿ ಶುರು ಮಾಡಿಕೊಟ್ಟೆ. ಪರದೆ ಬೆಳಗಿದ್ದೇ ಆಕೆಯ ಕಣ್ಣು ತುಂಬಿ ಬಂದವು.

"ಮಾಸ್ತರ ಯಾಕ ಬರಲಿಲ್ರಿ? ಅವತ್ತ ಒಂದ ಗ್ಲಾಸ್ ನೀರು ಸೈತ ಕೊಡಲಿಲ್ಲ ನಾ."

ಹೇಳಿದೆ. ಕೀಬೋರ್ಡಿನ ಮೇಲಿಟ್ಟಿದ್ದ ಕೈ ತೆಗೆದು ಆಕೆ ನೆಲಕ್ಕೆ ಕುಸಿದು ಕೂತಳು. ನಾನೂ ಪಕ್ಕದಲ್ಲೇ ಕೂತೆ.