ಐರ್ಲೆಂಡ್ ಸುತ್ತಿ ಕಲಿತ ಬಲವಂತ

ನನ್ನದೊಂದು ದುರಭ್ಯಾಸವಿದೆ: ಯಾರಾದರೂ ‘ಬೇಡ’ ಎಂದರೆ ನಂಬಿಬಿಡುತ್ತೇನೆ. ಇದು ಹುಟ್ಟಿನಿಂದ ಬಂದದ್ದಲ್ಲ. ಮೈಸೂರಿನಲ್ಲಿ ಹುಟ್ಟಿದವನಿಗೆ ಈ ಕಾಯಿಲೆ ಬರುವ ಸಾಧ್ಯತೆಯೇ ಇಲ್ಲ. ಹನ್ನೆರಡು ವರ್ಷದಿಂದ ಮೆಲ್ಬರ್ನಿನಲ್ಲಿದ್ದೇನೆ, ಇಲ್ಲಿ ಅಂಟಿಕೊಂಡದ್ದು. ಡಾಕ್‌ಲ್ಯಾಂಡ್ಸ್‌ನ ನನ್ನ ಆಫೀಸಿನಲ್ಲಿ ‘ಕಾಫಿ ಬೇಕಾ?’ ಎಂದು ಒಂದೇ ಸಲ ಕೇಳುತ್ತಾರೆ. ಸಂಕೋಚಕ್ಕೆ ಬೇಡ ಎಂದಿರೋ, ಮುಗಿಯಿತು. ಕೇಳಿದವರು ‘ನೋ ವರೀಸ್’ ಎಂದು ಲಿಫ್ಟ್ ಹತ್ತಿಬಿಡುತ್ತಾರೆ. ಮೊದಲ ಆರು ತಿಂಗಳು ನಾನು ಹೀಗೆ ಕಳೆದುಕೊಂಡ ಕಾಫಿ ಅಷ್ಟಿಷ್ಟಲ್ಲ. ಆಮೇಲೆ ಬುದ್ಧಿ ಬಂದು, ಕೇಳಿದ ತಕ್ಷಣ ಹೂಂ ಎನ್ನುವುದನ್ನು ಕಲಿತೆ. ಜೊತೆಗೆ ಬೇರೆಯವರ ಬೇಡವನ್ನೂ ಹಾಗೆಯೇ ಒಪ್ಪಿಕೊಳ್ಳುವುದನ್ನು ಕಲಿತುಬಿಟ್ಟೆ.

ಈ ಕಲಿಕೆಗೆ ಮೊದಲು ಬಲಿಯಾದವಳು ನನ್ನ ಅಕ್ಕ. ಅವಳಿರುವುದು ಸಿಡ್ನಿಯ ಕೆಲ್ಲಿವಿಲ್‌ನಲ್ಲಿ. ಹೋದ ವರ್ಷ ಒಬ್ಬಳೇ ನಮ್ಮ ಮನೆಗೆ ಬಂದಿದ್ದಳು, ವಾಪಸ್ ಟಿಕೆಟ್ ಮಾಡಿಸಿರಲಿಲ್ಲ. ಮೂರನೆಯ ದಿನ ‘ಇನ್ನೊಂದ್ ನಾಲ್ಕು ದಿನ ಇರಕ್ಕಾ’ ಎಂದೆ. ‘ಬೇಡಪ್ಪ, ನಿಮಗೆಲ್ಲ ಆಫೀಸ್ ಇರತ್ತೆ’ ಎಂದಳು. ನಾನು ‘ಸರಿ’ ಎಂದವನೇ, ಅವಳ ಮುಂದೆಯೇ ಫೋನ್ ತೆಗೆದು ಅಂದೇ ಸಂಜೆಯ ಫ್ಲೈಟನ್ನೂ ಏರ್‌ಪೋರ್ಟಿಗೆ ಕ್ಯಾಬನ್ನೂ ಬುಕ್ ಮಾಡಿದೆ. ಎರಡು ದಿನ ಬಿಟ್ಟು ಭಾವ ಫೋನಿನಲ್ಲಿ ಹೇಳಿದರು: ‘ಅವ್ಳು ಒಂದು ವಾರ ಲೀವ್ ಹಾಕ್ಕೊಂಡು ಬಂದಿದ್ಳು ಕಣಯ್ಯಾ.’

ಅಂದಿನಿಂದ ನನ್ನ ಮೆಸೇಜುಗಳಿಗೆ ಅಕ್ಕ ಕಳಿಸುತ್ತಿದ್ದುದು ಒಂದು ಹೆಬ್ಬೆರಳು ಮಾತ್ರ. ಸಿಡ್ನಿಯಿಂದ ಯಾರೇ ಬಂದರೂ ಅವರ ಕೈಯಲ್ಲಿ ಬರುತ್ತಿದ್ದ ಚಟ್ನಿಪುಡಿ ನಿಂತುಹೋಯಿತು. ‘ತಪ್ಪಾಯ್ತಕ್ಕಾ’ ಎಂದರೆ ‘ಅಯ್ಯೋ, ಅದಕ್ಕೇನಂತೆ’ ಎನ್ನುತ್ತಿದ್ದಳು. ಆ ‘ಅದಕ್ಕೇನಂತೆ’ ಎಷ್ಟು ತಣ್ಣಗಿತ್ತೆಂದು ನನಗೆ ಗೊತ್ತು. ಈ ದೇಶದಲ್ಲಿ ನನಗಿರುವ ಒಡಹುಟ್ಟು ಅವಳೊಬ್ಬಳೇ, ನಿಜವಾಗಿಯೂ ಬೇಜಾರಾಗಿತ್ತು.

ಈ ಬೇಜಾರನ್ನೂ ಸೂಟ್‌ಕೇಸಿನಲ್ಲಿಟ್ಟುಕೊಂಡೇ ನಾನೂ ನನ್ನ ಹೆಂಡತಿ ವೀಣಾಳೂ ಈ ವರ್ಷ ಐರ್ಲೆಂಡಿಗೆ ಹೋದೆವು. ಆಫೀಸಿನಲ್ಲಿ ಯಾರನ್ನು ಕೇಳಿದರೂ ‘ನಮ್ಮಜ್ಜಿ ಐರ್ಲೆಂಡಿನವಳು’ ಎನ್ನುತ್ತಾರೆ. ಇಷ್ಟೊಂದು ಅಜ್ಜಿಯರನ್ನು ಹೊರದೇಶಕ್ಕೆ ಕಳಿಸಿದ ನಾಡು ಹೇಗಿರಬಹುದು ಎಂಬ ಕುತೂಹಲ ನನಗೆ. ಡಬ್ಲಿನ್ನಿನಲ್ಲಿ ಸಣ್ಣ ಕಾರೊಂದನ್ನು ಬಾಡಿಗೆಗೆ ಹಿಡಿದು ಪಶ್ಚಿಮಕ್ಕೆ ಹೊರಟೆವು.

ಆ ದ್ವೀಪವನ್ನು ಸುತ್ತುವ ಸುಖವೇ ಬೇರೆ. ಮ್ಯಾಪು ಒಂದು ಗಂಟೆ ಎಂದ ದಾರಿಗೆ ಮೂರು ಗಂಟೆ ಹಿಡಿಯುತ್ತದೆ, ಯಾಕೆಂದರೆ ರಸ್ತೆ ಕುರಿಗಳದ್ದು. ಎರಡೂ ಬದಿಗೆ ಕಲ್ಲು ಪೇರಿಸಿದ ಗೋಡೆ, ನಡುವೆ ಒಂದೇ ಕಾರು ಹಿಡಿಸುವಷ್ಟು ಜಾಗ, ಆ ಜಾಗದ ಮಧ್ಯದಲ್ಲೂ ಹುಲ್ಲು. ಎದುರಿನಿಂದ ಬಂದವರೆಲ್ಲ ಸ್ಟಿಯರಿಂಗ್ ಮೇಲಿನ ಕೈಯಿಂದ ಒಂದು ಬೆರಳೆತ್ತುತ್ತಾರೆ. ಮೊದಲ ದಿನ ನಾನು ಗಾಬರಿಯಾಗಿ, ಡೋರ್ ಸರಿಯಾಗಿ ಹಾಕಿಲ್ಲವೇನೋ ಎಂದು ಎರಡು ಸಲ ಇಳಿದು ನೋಡಿದೆ. ಅದು ಬರೀ ನಮಸ್ಕಾರವಂತೆ. ಮೆಲ್ಬರ್ನಿನ ಟ್ರಾಫಿಕ್ಕಿನಲ್ಲೂ ಬೆರಳೆತ್ತುವವರಿದ್ದಾರೆ, ಆದರೆ ಅವರ ಬೆರಳೂ ಬೇರೆ, ಭಾವವೂ ಬೇರೆ.

ಇಳಿದಲ್ಲೆಲ್ಲ ಅಲ್ಲಿನ ಪ್ರಾಚೀನ ಜನರಾದ ಕೆಲ್ಟರ ಕಾಲದ್ದೆನ್ನುವ ಕಲ್ಲಿನ ಕೋಟೆಯೋ ಬಾವಿಯೋ ಇರುತ್ತಿತ್ತು. ಒಂದು ಬಾವಿಯ ಪಕ್ಕದ ಮರದ ತುಂಬ ಬಟ್ಟೆಯ ಚೂರುಗಳು. ಹರಕೆ ಹೊತ್ತವರು ಕಟ್ಟಿದ್ದು. ವೀಣಾ ಕೂಡಲೇ ಜಡೆಯ ರಿಬ್ಬನ್ ಬಿಚ್ಚಿ ಕಟ್ಟಿದಳು. ಏನು ಬೇಡಿಕೊಂಡೆ ಎಂದು ಕೇಳಿದರೆ ‘ನಿಮ್ಮಕ್ಕನ ಚಟ್ನಿಪುಡಿ’ ಎಂದಳು.

ಅಂದು ನಾವು ಇಳಿದುಕೊಂಡದ್ದು ಕಡಲ ದಂಡೆಯಲ್ಲಿ ನೋರಾ ಎಂಬ ಎಪ್ಪತ್ತು ದಾಟಿದ ಹೆಂಗಸಿನ ಮನೆಯಲ್ಲಿ. ಮೇಲಿನ ಎರಡು ಕೋಣೆಗಳನ್ನು ಆಕೆ ಪ್ರವಾಸಿಗರಿಗೆ ಕೊಡುತ್ತಾಳೆ. ಬಾಗಿಲಲ್ಲೇ ಟೀ ಕುಡಿಯುತ್ತೀರಾ ಎಂದಳು. ಹೊಟ್ಟೆ ತುಂಬಿತ್ತು, ಬೇಡ ಎಂದೆ. ನನ್ನ ಮಾತು ಕಿವಿಗೇ ಬೀಳದವಳಂತೆ ಟೀ, ಬ್ರೆಡ್ಡು, ಬೆಣ್ಣೆ ತಂದಿಟ್ಟು, ನಾನು ತಿನ್ನುವವರೆಗೂ ಎದುರಿಗೇ ಕೂತಳು. ಬಂದವರಿಗೆ ಊಟ ಹಾಕದೆ ಕಳಿಸುವುದು ಆ ನಾಡಿನ ಹಳೆಯ ಕಾನೂನಿನಲ್ಲಿ ಅಪರಾಧವಾಗಿತ್ತಂತೆ. ಕಾನೂನು ಹೋಗಿದೆ, ನೋರಾ ಉಳಿದಿದ್ದಾಳೆ.

ಮರುದಿನ ಬೆಳಿಗ್ಗೆ ಅವಳ ಅಡುಗೆಮನೆಯಲ್ಲೇ, ಮೆಲ್ಬರ್ನಿನಿಂದ ಹೊತ್ತು ತಂದಿದ್ದ ನಮ್ಮ ಫಿಲ್ಟರ್ ಕಾಫಿ ಇಳಿಯಿತು. ಮನೆ ತುಂಬ ಘಮಘಮ. ‘ನಿಮಗೊಂದು ಲೋಟ?’ ಎಂದೆ. ‘ಅಯ್ಯೋ, ಬೇಡಪ್ಪಾ’ ಎಂದಳು. ‘ನೋ ವರೀಸ್’ ಎಂದು ನಾನು ಕುಡಿಯತೊಡಗಿದೆ. ಆಗ ಆಕೆಯ ಮುಖ ಕೊಂಚ ಇಳಿದದ್ದನ್ನು ಕಂಡೆ. ಆ ಮುಖವನ್ನು ನಾನು ಹಿಂದೆಯೂ ನೋಡಿದ್ದೆ. ಕ್ಯಾಬ್ ಬುಕ್ ಮಾಡಿದ ದಿನ, ನಮ್ಮ ಮನೆಯ ಸೋಫಾದ ಮೇಲೆ.

‘ಒಂದೇ ಸಲ ಕೇಳಿ ಬಿಟ್ಬಿಡೋದಾ?’ ಎಂದು ವೀಣಾ ನನ್ನನ್ನು ಗದರಿ, ನೋರಾಳನ್ನು ಮತ್ತೆ ಕೇಳಿದಳು. ನಿಮಗೇ ಸಾಲದಾಗುತ್ತದೆ ಎಂದಳು ನೋರಾ. ವೀಣಾ ಮೂರನೆಯ ಸಲ ಕೇಳಿದಳು. ‘ಹಾಗಾದರೆ ಅರ್ಧ ಲೋಟ’ ಎಂದು ಕೂತ ನೋರಾ ಒಂದೂವರೆ ಲೋಟ ಕುಡಿದಳು. ಆಮೇಲೆ ನನಗೆ ಪಾಠ ಹೇಳಿದಳು: ‘ಮೊದಲನೆಯ ಬೇಡ ನನ್ನ ಮರ್ಯಾದೆಗೆ. ಎರಡನೆಯದು ನಿನ್ನನ್ನು ಪರೀಕ್ಷಿಸುವುದಕ್ಕೆ. ಮೂರನೆಯದಷ್ಟೇ ನಿಜ.’

ನನಗೆ ನಗುವೂ ನಾಚಿಕೆಯೂ ಒಟ್ಟಿಗೇ ಬಂದವು. ಮೈಸೂರಿನ ನಮ್ಮ ಮನೆಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದವರಿಗೂ ಬೆರಳ ಸಂದಿಯಿಂದ ಪಾಯಸ ಬಡಿಸಿದವನು ನಾನು. ಅದನ್ನು ಮತ್ತೆ ಕಲಿಯುವುದಕ್ಕೆ ಭೂಮಿಯ ಆ ತುದಿಗೆ ಹೋಗಿ, ಐರಿಷ್ ಅಜ್ಜಿಯ ಮುಂದೆ ಕೂರಬೇಕಾಯಿತು. ಊರು ಸುತ್ತುವುದು ಹೊಸದನ್ನು ನೋಡುವುದಕ್ಕೆ ಎನ್ನುತ್ತಾರೆ. ನನಗಂತೂ ಅಲ್ಲಿ ಸಿಕ್ಕಿದ್ದು ನಾನೇ ಕಳೆದುಕೊಂಡಿದ್ದ ಹಳೆಯ ಸಾಮಾನು.

ಮೆಲ್ಬರ್ನಿಗೆ ಬಂದಿಳಿದ ದಿನವೇ ಅಕ್ಕನಿಗೆ ಫೋನ್ ಮಾಡಿದೆ. ‘ಅಕ್ಕಾ, ಮುಂದಿನ ತಿಂಗಳು ಬಾ.’

‘ಬೇಡಪ್ಪ, ನಿಮಗೆ ಆಫೀಸ್ ಇರತ್ತೆ.’

‘ಇರ್ಲಿ ಬಿಡು, ಬಾ.’

‘ಸುಮ್ನೆ ನಿಮಗ್ಯಾಕೆ ತೊಂದ್ರೆ?’

‘ಅಕ್ಕಾ, ನೀನು ಬರ್ದೆ ಇದ್ರೆ ನಾನೇ ಕೆಲ್ಲಿವಿಲ್‌ಗೆ ಬಂದು ಕರ್ಕೊಂಡು ಬರ್ತೀನಿ.’

ಆ ಕಡೆಯಿಂದ ಮೂಗು ಸೀಟಿದ ಸದ್ದು.

‘ಬರ್ತೀನಿ ಕಣೋ. ಚಟ್ನಿಪುಡಿ ಎಷ್ಟು ತರ್ಲಿ? ಮತ್ತೆ ನೋಡು, ವಾಪಸ್ ಟಿಕೆಟ್ ನಾನೇ ಮಾಡ್ಕೋತೀನಿ. ನೀನು ಮಾತ್ರ ಫೋನ್ ಮುಟ್ಟಬೇಡ.’

ಆ ಒಂದು ಬೇಡವನ್ನು ಮೊದಲ ಸಲಕ್ಕೇ ನಂಬಿದೆ.